ಮಂಗಟ್ಟೆ ಹಕ್ಕಿಯೂ ನಿಯಮ ಹದಿನಾಲ್ಕೂ

೧೯೬೨ರ ಜನವರಿಯಲ್ಲಿ ಅತ್ತಾವರದ ವನ್ಯಪ್ರಾಣಿ ಚಲನಚಿತ್ರ ಕಚೇರಿಯು ನಿಯಮ ಹದಿನಾಲ್ಕನ್ನು ಜಾರಿಗೆ ತಂದಿತು. ಕಾಡಿಗೆ ಒಯ್ಯುವ ಪ್ರತಿ ಬ್ಯಾಟರಿಯೂ ಪೂರ್ತಿ ಚಾರ್ಜ್ ಆಗಿದೆಯೆಂಬುದನ್ನು, ಅದಕ್ಕೆ ಬಲ್ಬು ಜೋಡಿಸಿ, ಬಲ್ಬು ಆರುವವರೆಗೆ ಉರಿಸಿ ದೃಢಪಡಿಸಿಕೊಳ್ಳತಕ್ಕದ್ದು. ಹನ್ನೆರಡು ಗಂಟೆ ಉರಿದರೆ ಪ್ರಮಾಣಪತ್ರ. ಆಮೇಲೆ ಮತ್ತೆ ಚಾರ್ಜ್ ಮಾಡಿದರೆ ಪ್ರಮಾಣಪತ್ರ ರದ್ದು.

ಇದನ್ನು ಬರೆದ ಮಹಾ ಬುದ್ಧಿವಂತ ನಾನೇ. ಆಗ ಗುಮಾಸ್ತನಾಗಿದ್ದೆ. ಮೇಲಧಿಕಾರಿ ಜಾರ್ಜ್ ಸಾಹೇಬರು ಕರಡು ಮೆಚ್ಚಿ ನನ್ನನ್ನು ಕ್ಯಾಮೆರಾಮನ್ ಮಾಡಿದರು.

ಮೊದಲ ಕೆಲಸ ಮಂಗಟ್ಟೆ ಹಕ್ಕಿ. ಹೆಣ್ಣು ಮರದ ಪೊಟರೆಗೆ ಹೊಕ್ಕು, ಕೊಕ್ಕು ಹಿಡಿಸುವಷ್ಟು ಸೀಳು ಬಿಟ್ಟು ಬಾಗಿಲನ್ನು ಒಳಗಿನಿಂದ ಮೆತ್ತಿಕೊಂಡು, ಮೊಟ್ಟೆಯಿಟ್ಟು ಕೂರುತ್ತದೆ. ತಿಂಗಳುಗಟ್ಟಲೆ ಗಂಡು ಹಣ್ಣು ತಂದು ಉಣಿಸುತ್ತದೆ. ಒಂದು ದಿನ ಹೆಣ್ಣು ಬಾಗಿಲೊಡೆದು ಹೊರಬರುತ್ತದೆ. ಆ ಗಳಿಗೆಯನ್ನು ಹಿಡಿಯಲೇಬೇಕೆಂದು ನನಗೆ ಹುಚ್ಚೇ ಹಿಡಿದಿತ್ತು.

ಏಪ್ರಿಲಿನಲ್ಲಿ, ಘಟ್ಟದ ಕಾಡಿನಲ್ಲಿ ನಮಗೆ ದಾರಿ ತೋರಿಸುವ ಚನಿಯ ‘ಈ ವಾರ ಬರ್ತದೆ’ ಎಂದು ಹೇಳಿ ಕಳಿಸಿದ. ನಾನು ಕುದ್ರೋಳಿಗೆ, ಬ್ಯಾಟರಿ ಚಾರ್ಜ್ ಮಾಡುವ ಅಯ್ಯೂಬಾಕರ ಅಂಗಡಿಗೆ ಓಡಿದೆ. ಪರೀಕ್ಷೆಗೆಂದು ನಮ್ಮ ಬ್ಯಾಟರಿಗೆ ಜೋಡಿಸಿದ್ದ ಬಲ್ಬು ಆಗಷ್ಟೇ ಆರಿತ್ತು.

"ಪಾಸಾಯ್ತು. ಆದರೆ ಒಳಗೆ ಎಂತದೂ ಇಲ್ಲ ಮಾರಾಯ. ಇನ್ನೊಮ್ಮೆ ಚಾರ್ಜಿಗೆ ಇಡ್ತೇನೆ," ಎಂದರು ಅಯ್ಯೂಬಾಕ.

"ಇಟ್ಟರೆ ಪ್ರಮಾಣಪತ್ರ ಹೋಗ್ತದೆ."

"ಇಂಥ ನಿಯಮ ಮಾಡಿದ್ದು ಯಾರು?"

"ಗೊತ್ತಿಲ್ಲ," ಎಂದೆ. ನಾಚಿಕೆಯಾಯಿತು. ಗುಟ್ಟಾಗಿ ಚಾರ್ಜ್ ಮಾಡಿಸಬಹುದಿತ್ತು. ನನ್ನದೇ ನಿಯಮ ಮುರಿಯುವಷ್ಟು ಗಟ್ಟಿ ಗುಂಡಿಗೆ ನನಗಿರಲಿಲ್ಲ.

ಪ್ರಮಾಣಪತ್ರ ನನ್ನ ಜೇಬಿನಲ್ಲಿ, ಖಾಲಿ ಬ್ಯಾಟರಿ ಚನಿಯನ ತಲೆಯ ಮೇಲೆ. ಮೂರು ಗುಡ್ಡ ಹತ್ತಿದೆವು. ಮರುದಿನ ಬೆಳಿಗ್ಗೆ ಪೊಟರೆಯ ಬಾಗಿಲು ಬಿರಿಯಿತು. ಮೊದಲು ಕೊಕ್ಕು, ಆಮೇಲೆ ಮುದುಡಿದ ರೆಕ್ಕೆ. ನಾನು ಗುಂಡಿ ಒತ್ತಿದೆ. ಕ್ಯಾಮೆರಾ ಮಿಸುಕಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ.

"ಕಣ್ಣಲ್ಲಾದ್ರೂ ನೋಡಿ ಧಣಿ, ಹಾರಿ ಹೋಗ್ತದೆ," ಎಂದ ಚನಿಯ.

ನೋಡಿದೆ. ಹಾರಿ ಹೋಯಿತು.

ಕಚೇರಿಯಲ್ಲಿ ಜಾರ್ಜ್ ಸಾಹೇಬರು ಕೇಳಿದರು, "ಹಕ್ಕಿ ಹೊರಗೆ ಬಂತಾ?"

"ಬಂತು ಸಾರ್."

"ಫಿಲ್ಮಿನಲ್ಲಿ ಉಂಟಾ?"

"ಇಲ್ಲ."

"ಬ್ಯಾಟರಿಗೆ ಪ್ರಮಾಣಪತ್ರ ಉಂಟು. ಅಂದ ಮೇಲೆ ಹಕ್ಕಿ ಬರಲಿಲ್ಲ ಅಂತ ಬರೆಯಿರಿ."

ಬರೆದೆ.

ಮರುವರ್ಷ ಅದೇ ಪೊಟರೆಗೆ ಹಕ್ಕಿ ಹೊಕ್ಕಿತೆಂದು ಚನಿಯ ತಿಳಿಸಿದ. ಹಳೆಯ ಹಕ್ಕಿ ಇನ್ನೂ ಒಳಗಿರುವುದರಿಂದ ಹೊಸದು ಹೊಗುವುದು ಅಸಾಧ್ಯವೆಂದು ಕಚೇರಿ ಅನುಮತಿ ನಿರಾಕರಿಸಿ, ಹಳೆಯದರ ಕಾವಲಿಗೆ ಚನಿಯನನ್ನೇ ನೇಮಿಸಿತು. ಅವನು ತಿಂಗಳಿಗೊಮ್ಮೆ ಬಂದು ‘ಹಕ್ಕಿ ಒಳಗೆ ಕ್ಷೇಮ’ ಎಂಬ ವರದಿಗೆ ಹೆಬ್ಬೆಟ್ಟು ಒತ್ತುತ್ತಾನೆ. ಅದರ ಕೆಳಗೆ, ಕಣ್ಣಾರೆ ಕಂಡ ಸಾಕ್ಷಿಯೆಂದು, ನನ್ನ ಸಹಿ.