ಮಾವ ಒಪ್ಪದ ಗೋಲು

ನನ್ನ ಮದುವೆ ಒಂದು ವರ್ಷ ತಡವಾಯಿತು. ಜಾತಕದಲ್ಲಿ ದೋಷವಿತ್ತೆ? ಇಲ್ಲ. ನನಗೇನು ಕಾಲು ಕುಂಟೇ, ಕಣ್ಣು ಮೆಳ್ಳೆಯೇ? ಅದೂ ಇಲ್ಲ. ಒಂದು ಗೋಲಿನಿಂದ ತಡವಾಯಿತು! ಆ ಗೋಲು ಹೊಡೆದವಳು ನಾನಲ್ಲ, ನೋಡಿದವಳೂ ನಾನಲ್ಲ. ಆದರೆ ಶಿಕ್ಷೆ ಮಾತ್ರ ನನಗೆ. ಇದಕ್ಕೆಲ್ಲ ಕಾರಣ ನನ್ನ ಸೋದರಮಾವ. ಲೋಕದಲ್ಲಿ ಇರುವುದು ಎರಡೇ ಜಾತಿ, ಒಂದು ಮೈಸೂರಿನ ಕಾಲೇಜಿನವರದು, ಇನ್ನೊಂದು ಬೆಂಗಳೂರಿನ ಕಾಲೇಜಿನವರದು ಎಂದು ನಂಬಿದ್ದ ಮಹಾನುಭಾವ. ಅವನ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ. ಆರಿಸಿಕೊಳ್ಳುವ ಆತುರವೂ ನನಗಿಲ್ಲ!

ಮದ್ದೂರಿನ ಹತ್ತಿರ ಅವನ ಊರು. ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡದ್ದರಿಂದ ಅವ್ವ ನನ್ನನ್ನು ಎತ್ತಿಕೊಂಡು ತಮ್ಮನ ಮನೆಗೆ ಬಂದಿದ್ದಳು. ಮಾವನಿಗೆ ನಾಲೆ ಬಯಲಿನಲ್ಲಿ ಕಬ್ಬಿನ ಗದ್ದೆ ಇತ್ತು, ಊರಲ್ಲಿ ಮಾತಿಗೆ ಬೆಲೆ ಇತ್ತು. ಹರೆಯದಲ್ಲಿ ಮೈಸೂರಿಗೆ ಹೋಗಿ, ಇಂಟರ್‌ಮೀಡಿಯೆಟ್ಟಿನಲ್ಲಿ ಎರಡು ಸಲ ನಪಾಸಾಗಿ ಹಿಂದಿರುಗಿದವನು. ಅಲ್ಲಿ ಫುಟ್ಬಾಲ್ ತಂಡದಲ್ಲಿ ಇದ್ದನಂತೆ. ಇದ್ದದ್ದೇನೋ ನಿಜ. ಆದರೆ ಗೆರೆಯಿಂದಾಚೆ, ಹೆಚ್ಚಿದ ನಿಂಬೆಹಣ್ಣಿನ ತಟ್ಟೆ ಹಿಡಿದುಕೊಂಡು. ಒಂದು ಸಲ ಯಾರದೋ ಕಾಲು ಉಳುಕಿ, ಮಾವ ಒಳಗೆ ನುಗ್ಗಿ ಹನ್ನೊಂದು ನಿಮಿಷ ಆಡಿದ. ಆ ಹನ್ನೊಂದು ನಿಮಿಷದ ಕಥೆ ಹೇಳುವುದಕ್ಕೆ ಅವನಿಗೆ ಒಂದೂವರೆ ಗಂಟೆ ಬೇಕಾಗುತ್ತಿತ್ತು!

ಸಂಸ್ಥಾನದ ಕಾಲೇಜುಗಳಲ್ಲಿ ಯಾರು ಮೇಲು ಎಂಬುದು ವರ್ಷಕ್ಕೊಮ್ಮೆ ಒಂದು ಪಂದ್ಯದಲ್ಲಿ ತೀರ್ಮಾನವಾಗುತ್ತಿತ್ತು. ಸಾಮಾನ್ಯವಾಗಿ ಗೆಲ್ಲುತ್ತಿದ್ದವರು ಬೆಂಗಳೂರಿನವರು. ಮಾವನ ಲೆಕ್ಕದಲ್ಲಿ ಅವರು ಒಮ್ಮೆಯೂ ಗೆದ್ದವರಲ್ಲ. ಒಂದು ವರ್ಷ ಗಾಳಿ ಗೆಲ್ಲಿಸಿತು, ಒಂದು ವರ್ಷ ಬಿಸಿಲು ಗೆಲ್ಲಿಸಿತು, ಉಳಿದ ವರ್ಷವೆಲ್ಲ ರೆಫರಿ ಗೆಲ್ಲಿಸಿದ. ನಮ್ಮ ಮನೆಯಲ್ಲಿ ಒಂದು ಸೋಮಾರಿ ಎತ್ತಿತ್ತು. ಅದಕ್ಕೆ ಮಾವ ಇಟ್ಟಿದ್ದ ಹೆಸರು ‘ರೆಫರಿ’. ಯಾಕೆ ಮಾವ, ಬಸವ ಎನ್ನಬಾರದೆ ಎಂದು ಕೇಳಿದ್ದಕ್ಕೆ, “ನಡೂ ಮಧ್ಯ ನಿಂತ್ಕಂಡು ಏನೂ ಕಾಣ್ದೆ ಇರೋದುಕ್ಕೆ ಇನ್ನೇನಂತ ಕರೀನವ್ವ?” ಎಂದ.

ಅವನ ಸಾಹಸಗಳಲ್ಲಿ ಮೊದಲನೆಯದಾಗಿ ಹೇಳಬೇಕಾದ್ದು ಮದ್ದೂರು ಸ್ಟೇಷನ್ನಿನದು. ನಾನಿನ್ನೂ ಮಿಡ್ಲ್‌ಸ್ಕೂಲಿನಲ್ಲಿದ್ದೆ. ಆ ವರ್ಷ ಪಂದ್ಯ ಮೈಸೂರಿನಲ್ಲಿ. ಬೆಂಗಳೂರಿನ ಹುಡುಗರು ಬರುವ ರೈಲು ಮದ್ದೂರಿನಲ್ಲಿ ನಿಲ್ಲಲೇಬೇಕು, ನಿಂತರೆ ವಡೆ ತಿನ್ನಲೇಬೇಕು. ವಡೆಯೇ ಇಲ್ಲದಿದ್ದರೆ? ಹಸಿದ ಹೊಟ್ಟೆಯಲ್ಲಿ ಅದೆಂಥ ಗೋಲು ಹೊಡೆದಾರು? ಮಾವ ರೈಲಿಗೆ ಮುಂಚೆಯೇ ಹೋಗಿ, ಪ್ಲಾಟ್‌ಫಾರಂ ಮೇಲಿದ್ದ ವಡೆಯನ್ನೆಲ್ಲ ಕೊಂಡು, ಎರಡು ಬುಟ್ಟಿ ಮುಂದಿಟ್ಟುಕೊಂಡು ಮೀಸೆ ತಿರುವುತ್ತಾ ನಿಂತ. ರೈಲು ಬಂತು. ಹುಡುಗರು ಇಳಿದರು. ನೋಡುತ್ತಾರೆ, ರುಮಾಲು ಸುತ್ತಿದ ಗೌಡರೊಬ್ಬರು ರಾಶಿ ವಡೆ ಇಟ್ಟುಕೊಂಡು ಕಾಯುತ್ತಿದ್ದಾರೆ! ಮದ್ದೂರಿನ ಮಹಾಜನರು ತಮಗೆ ಸತ್ಕಾರ ಏರ್ಪಡಿಸಿದ್ದಾರೆಂದುಕೊಂಡು ಅವರು ಕೈಮುಗಿದರು, ಬುಟ್ಟಿ ಬರಿದು ಮಾಡಿದರು, ಮಾವನಿಗೆ ಮೂರು ಸಲ ಜೈಕಾರ ಹಾಕಿ ರೈಲು ಹತ್ತಿದರು. ಮೈಸೂರಿನಲ್ಲಿ ನಾಲ್ಕು ಗೋಲು ಹೊಡೆದರು!

“ನನ್ ವಡೆ ತಿಂದು ನನಿಗೇ ಗೋಲು ಒಡುದ್ರಲ್ಲಕ್ಕಾ!” ಎಂದು ಮಾವ ಜಗುಲಿಯ ಮೇಲೆ ಕೂತು ಹಲುಬಿದ.

ಅವ್ವ ರಾಗಿ ಬೀಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. “ನಮಗೆರಡು ತರಬಾರ್ದಾಗಿತ್ತಾ?” ಎಂದಳು.

ಮನುಷ್ಯರಾದರೆ ಸರಿ, ದೇವರನ್ನಾದರೂ ಬಿಟ್ಟನೆ? ಮರುವರ್ಷ ಮುತ್ತತ್ತಿಯ ಆಂಜನೇಯನಿಗೆ ಹರಕೆ ಹೊತ್ತ. ಮೈಸೂರು ಮತ್ತೆ ಸೋತಿತು. ನಮ್ಮನ್ನೆಲ್ಲ ಗಾಡಿಗೆ ತುಂಬಿಕೊಂಡು ಮುತ್ತತ್ತಿಗೆ ಹೊರಟ. ಹರಕೆ ತೀರಿಸುವುದಕ್ಕಲ್ಲ, ಜಗಳಕ್ಕೆ! ಕಾವೇರಿಯಲ್ಲಿ ಮುಳುಗಿ, ಒದ್ದೆಬಟ್ಟೆಯಲ್ಲೇ ಗುಡಿಯೊಳಗೆ ನಿಂತು, “ಸಮುದ್ರ ಆರ್ದೋನಂತೆ, ಬೆಟ್ಟ ಎತ್ಕಂಡ್ ಬಂದೋನಂತೆ! ಒಂದು ಚೆಂಡ ಗೆರೆ ದಾಟ್ಸಕ್ಕಾಗ್ನಿಲ್ವಾ ನಿನ್ ಕೈಲಿ?” ಎಂದು ಗುಡುಗಿದ. ಪೂಜಾರಿಯ ಕೈಯಿಂದ ಮಂಗಳಾರತಿ ಜಾರಿತು. ನನಗೋ, ಹೊಳೆಗೆ ಹಾರಿಬಿಡೋಣ ಎನ್ನುವಷ್ಟು ನಾಚಿಕೆ.

ಇನ್ನು ನನ್ನ ಮದುವೆಯ ಮಾತು. ಯುದ್ಧದ ಕಾಲ, ಸೀಮೆಎಣ್ಣೆಗೂ ಸಕ್ಕರೆಗೂ ಪರದಾಟ. ಅಂಥದರಲ್ಲಿ ಹಲಗೂರಿನ ಕಡೆಯಿಂದ ಒಳ್ಳೆಯ ಸಂಬಂಧ ಬಂತು. ಹುಡುಗ ಓದಿದವನು, ಮಂಡ್ಯದಲ್ಲಿ ಕೆಲಸ. ಅವ್ವ ಎರಡು ದಿನ ಕೂತು ಕಜ್ಜಾಯ ಮಾಡಿದಳು. ನಾನು ಬಾಗಿಲ ಸಂದಿನಿಂದ ನೋಡಿದೆ. ಒಪ್ಪಿಗೆಯಾಯಿತು. ಮುಚ್ಚುಮರೆ ಏಕೆ, ಬಹಳ ಒಪ್ಪಿಗೆಯಾಯಿತು!

“ಯಾವ ಕಾಲೇಜು?” ಎಂದು ಮಾವ ಕೇಳಿದ.

“ಬೆಂಗಳೂರು.”

ಮಾವನ ಕೈಯಲ್ಲಿದ್ದ ಕಜ್ಜಾಯ ತಟ್ಟೆಗೆ ವಾಪಸಾಯಿತು. “ಚೆಂಡಾಟ ಆಡ್ತಿದ್ರಾ?”

“ಆಡ್ತಿದ್ದೆ. ಮೂರು ವರ್ಷದ ಕೆಳಗೆ ಫೈನಲ್ಲಿನಲ್ಲಿ ಕೊನೇ ಗೋಲು ನಾನೇ ಹೊಡೆದದ್ದು.”

ಅಯ್ಯೋ, ಆ ಬಾಯಿಗೆ ಕಜ್ಜಾಯ ತುರುಕಲು ಅಲ್ಲಿ ಯಾರೂ ಇರಲಿಲ್ಲವೆ! ಆ ಗೋಲಿನ ವಿಷಯ ನಮ್ಮ ಕೊಟ್ಟಿಗೆಯ ದನಗಳಿಗೂ ಗೊತ್ತಿತ್ತು. ಚೆಂಡು ಕೈಗೆ ತಗುಲಿ ಒಳಗೆ ಹೋಯಿತು, ರೆಫರಿ ಕಣ್ಣು ಮುಚ್ಚಿಕೊಂಡ ಎಂದು ಮಾವ ಮೂರು ವರ್ಷದಿಂದ ಊರಿಗೆಲ್ಲ ಹೇಳುತ್ತಿದ್ದ. ಈಗ ಮೈಯೆಲ್ಲ ಕಿವಿಯಾಗಿ ಮುಂದಕ್ಕೆ ಬಾಗಿದ. “ಅಂಗಾದ್ರೆ ನೀವೇ ಯೋಳಿ. ಚೆಂಡು ಕೈಗೆ ತಾಕ್ತು, ಅಲ್ವಾ?”

“ಇಲ್ಲ. ಎದೆಗೆ.”

“ಕೈಗೆ ತಾಕ್ತು ಅಂತ ಒಂದ್ ಮಾತು ಅಂದ್‌ಬುಡಿ. ಈಗ್ಲೇ ತಾಂಬೂಲ.”

ಬಾಗಿಲ ಹಿಂದೆ ನಾನು ಸೆರಗು ಕಚ್ಚಿ ನಿಂತಿದ್ದೆ. ಅನ್ನಬಾರದೆ? ಗಂಟೇನು ಹೋಗುತ್ತಿತ್ತು? ಆ ಪುಣ್ಯಾತ್ಮ ಕಾಫಿ ಲೋಟವನ್ನು ಕೆಳಗಿಟ್ಟು, “ಎದೆಗೇ ತಾಕಿದ್ದು ಸಾರ್” ಎಂದು ಎದ್ದು ನಿಂತ. ಮಾವನೂ ಎದ್ದು ನಿಂತ. ಸಂಬಂಧ ಅಲ್ಲಿಗೆ ಮುರಿಯಿತು. ಒಬ್ಬ ಸುಳ್ಳು ಕೇಳಿದ, ಇನ್ನೊಬ್ಬ ಕೊಡಲಿಲ್ಲ. ನಡುವೆ ನಾನು ಯಾರು? ನಾನೇನು ಚೆಂಡೆ?

“ನನ್ ಮಗಳ ಮದ್ವೆಗೆ ನೀನ್ ಯಾವೂರ್ ರೆಫರಿ ಕಣ್ಲಾ?” ಎಂದು ಅವ್ವ ಮೂರು ದಿನ ಅವನಿಗೆ ಬಡಿಸಲಿಲ್ಲ. ನಾನೂ ಧೈರ್ಯ ಮಾಡಿ, “ಎದೆಗೇ ತಾಕಿರಬೌದು ಮಾವ” ಎಂದೆ. ಅಷ್ಟಕ್ಕೇ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟ.

ಆಮೇಲೆ ಮೈಸೂರಿನ ಕಾಲೇಜಿನಲ್ಲಿ ಓದಿದ ಗಂಡುಗಳನ್ನೇ ಹುಡುಕತೊಡಗಿದ. ಮಳವಳ್ಳಿಯಿಂದ ಒಬ್ಬ ಬಂದ. ಪಂದ್ಯದ ಮಾತೆತ್ತಿದರೆ, “ಫುಟ್ಬಾಲೇ? ನಾನು ಆ ಕಡೆ ಹೋಗ್ತಿರಲಿಲ್ಲ, ಧೂಳು” ಎಂದ. ಇನ್ನೊಬ್ಬ ಮಂಡ್ಯದವನು, “ನಮ್ಮವರೇ ಗೆಲ್ಲೋದಲ್ವೆ ಪ್ರತಿವರ್ಷ?” ಎಂದುಬಿಟ್ಟ! ಮಾವ ಅವನನ್ನು ಕಳಿಸಿ ಬಂದು ಕಂಬಕ್ಕೊರಗಿ ಕೂತ. ಅಷ್ಟು ನೊಂದದ್ದನ್ನು ನಾನು ನೋಡಿರಲಿಲ್ಲ. “ನಾವಿಲ್ಲಿ ವರ್ಸ ವರ್ಸ ಸೋತು ಸಾಯ್ತಾ ಇದ್ರೆ, ಇವುನ್ಗೆ ಸೋತಿರೋದೂ ಗೊತ್ತಿಲ್ವಲ್ಲಕ್ಕಾ! ಇವುನ್ಗಿಂತ ಆ ಹಲಗೂರ್ ಕಳ್ಳನೇ ವಾಸಿ ಬುಡು. ಆಟ ಗೊತ್ತು.”

ಹೀಗೆ ಒಂದು ವರ್ಷ ಹಾಳಾದ ಮೇಲೆ ಆ ಕಳ್ಳನ ಜೊತೆಗೇ ನನ್ನ ಮದುವೆಯಾಯಿತು. ಧಾರೆಯ ಹೊತ್ತಿನಲ್ಲಿ ಮಾವ ಅಳಿಯನ ಕಿವಿಯ ಹತ್ತಿರ ಬಗ್ಗಿ ಏನೋ ಪಿಸುಗುಟ್ಟಿದ. ಇವರೂ ಪಿಸುಗುಟ್ಟಿದರು. ಹರಸುತ್ತಿದ್ದಾನೆಂದು ಹೆಂಗಸರು ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು. “ಕೈಗೆ ತಾಕಿತ್ತು.” “ಎದೆಗೆ.”

ಯುದ್ಧ ಮುಗಿದ ಮರುವರ್ಷ ಮಂಡ್ಯದಲ್ಲಿ ಇವರಿಗೆ ಟೈಫಾಯ್ಡ್ ಬಂತು. ಆ ಕಾಯಿಲೆಗೆ ಆಗ ಔಷಧಿ ಎಂಬುದೇ ಇರಲಿಲ್ಲ. ಗಂಜಿ ಕುಡಿಸಿ, ಮನಸ್ಸಿಗೆ ಬೇಸರವಾಗದಂತೆ ನೋಡಿಕೊಳ್ಳಿ ಎಂದರು ಡಾಕ್ಟರು. ಸುದ್ದಿ ಮುಟ್ಟಿದ ದಿನವೇ ಮಾವ ಚೀಲ ಹಿಡಿದು ಬಂದ. ಆ ವಾರವೇ ಮೈಸೂರಿನಲ್ಲಿ ಫೈನಲ್ಲು. ಇಂಥ ತಂಡ ಮೈಸೂರಿಗೆ ಹಿಂದೆಂದೂ ಇರಲಿಲ್ಲವೆಂದು ಆರು ತಿಂಗಳಿಂದ ಹೇಳಿಕೊಂಡು ತಿರುಗುತ್ತಿದ್ದವನು ಅವನೇ. ಹೋಗಿ ನೋಡಿ ಬಾ ಮಾವ, ರೈಲಿಗೆ ಎಷ್ಟು ಹೊತ್ತಿನ ದಾರಿ ಎಂದೆ. “ಆಟ ಎಲ್ಗೋಯ್ತದೆ ಬುಡು” ಎಂದು ಒದ್ದೆಬಟ್ಟೆ ಹಿಂಡಿ ಇವರ ಹಣೆಯ ಮೇಲೆ ಹಾಕಿದ. ಜ್ವರದ ಹತ್ತೊಂಬತ್ತನೆಯ ದಿನದ ಹೊತ್ತಿಗೆ ಇವರು ಮಾತು ನಿಲ್ಲಿಸಿದ್ದರು. ಗಂಜಿ ಕೊಟ್ಟರೆ ಕಟಬಾಯಿಂದ ಆಚೆ ಬರುತ್ತಿತ್ತು. ಅವತ್ತು ಬೆಳಿಗ್ಗೆ ಪತ್ರಿಕೆ ಬಂತು. ಮಾವ ಬಾಗಿಲಲ್ಲಿ ನಿಂತೇ ಅದನ್ನು ಓದಿದ. ಒಂದು ಸಲ ಮಡಿಸಿದ, ಬಿಡಿಸಿದ, ಮತ್ತೆ ಓದಿದ. ಆಮೇಲೆ ಒಳಗೆ ಬಂದು ಹಾಸಿಗೆಯ ಪಕ್ಕ ಕೂತು ಬೈಯಲು ಶುರುಮಾಡಿದ.

“ಥೂ ನಿಮ್ ಬೆಂಗ್ಳೂರ್ನೋರ ಮಕಕ್ಕೆ! ಈ ಸಲಾನೂ ಮೋಸ ಮಾಡುದ್ರಲ್ಲಪ್ಪ! ಎರಡು ಗೋಲು! ಎರಡೂ ಆಫ್‌ಸೈಡು! ಆ ರೆಫರಿಗೆ ಕಣ್ಣಿದ್ದಾವಾ, ಊದಕ್ಕೆ ಒಂದ್ ಬಾಯಿ ಬಿಟ್ರೆ?”

ಇವರ ಕಣ್ಣು ತೆರೆಯಿತು. ತುಟಿ ಅಲುಗಿತು. “ಯಾರು... ಹೊಡೆದದ್ದು?”

ಮಾವ ಕಾಗದ ನೋಡಿ ಯಾವನೋ ಹುಡುಗನ ಹೆಸರು ಹೇಳಿದ. ಅವನ ವಂಶವನ್ನೆಲ್ಲ ಬೈದ. ಬೈಯುತ್ತಾ ಬೈಯುತ್ತಾ ಚಮಚದಲ್ಲಿ ಗಂಜಿ ಹಿಡಿದ. ಇವರು ನಗುತ್ತಾ ಗುಟುಕರಿಸಿದರು. ಒಂದು ಚಮಚ, ಎರಡು ಚಮಚ, ಅರ್ಧ ಬಟ್ಟಲು.

ಇವರು ನಿದ್ದೆ ಹೋದ ಮೇಲೆ ನಾನು ಹಾಸಿಗೆಯ ಕೆಳಗೆ ಬಿದ್ದಿದ್ದ ಪತ್ರಿಕೆ ಎತ್ತಿಕೊಂಡೆ. ಮೈಸೂರು ಮೂರು ಗೋಲುಗಳಿಂದ ಗೆದ್ದಿತ್ತು. ಬೆಂಗಳೂರು ಒಂದೂ ಹೊಡೆದಿರಲಿಲ್ಲ.

ಮಾವನನ್ನು ಹುಡುಕಿಕೊಂಡು ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಪಂಚೆ ಎತ್ತಿ ಕಟ್ಟಿಕೊಂಡು, ಸದ್ದಾಗದ ಹಾಗೆ ಬರಿಗಾಲಲ್ಲಿ ಒಬ್ಬನೇ ಕುಣಿಯುತ್ತಿದ್ದ. ಕೆನ್ನೆಯೆಲ್ಲ ಒದ್ದೆ. ನನ್ನನ್ನು ಕಂಡು ತಟ್ಟನೆ ನಿಂತ.

“ಅವುನ್ಗೆ ಯೋಳ್ಬ್ಯಾಡ ಕಣವ್ವ,” ಎಂದ. “ಮೊದ್ಲು ಎದ್ದು ಓಡಾಡ್ಲಿ.”