ಮೂಗಿಗೊಂದು ಪ್ರಮಾಣಪತ್ರ

ನನ್ನ ಗುಟ್ಟುಗಳಲ್ಲಿ ಬಹುಪಾಲು ಯಾರಾದರೂ ಕದಿಯುವ ಯೋಗ್ಯತೆಯವಲ್ಲ. ಆದರೂ ಅವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ನನ್ನ ಸ್ವಭಾವ. ಕೂದಲು ಕತ್ತರಿಸಿಕೊಂಡು ಬಂದರೂ, ಬೇಕಾದವರು ಕಂಡುಹಿಡಿದುಕೊಳ್ಳಲಿ ಎಂದು ಸುಮ್ಮನಿರುವವಳು ನಾನು. ಹೀಗಿರುವಾಗ ಅಂಡಮಾನಿನ ದ್ವೀಪವೊಂದಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಸಮುದ್ರದೊಳಗೆ ಇಳಿಯಲು ಕಲಿಯಬೇಕೆಂದು ನಿರ್ಧರಿಸಿದಾಗ, ಚೆಂಬೂರಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಅಮ್ಮನಿಗೂ ಬಾಯಿ ಬಿಡಲಿಲ್ಲ. ಹೇಳಿದರೆ ಬೇಡ ಎನ್ನುತ್ತಾಳೆ. ಟಿಕೆಟ್, ಕೋರ್ಸು ಎಲ್ಲ ಗಟ್ಟಿಯಾದ ಮೇಲೆ ಹೇಳಿದರಾಯಿತು ಎಂದುಕೊಂಡೆ.

ಯೋಜನೆ ಹಾಕುವ ಸುಖವೇ ಬೇರೆ. ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ತೆರೆದೆ. ಕೊನೆಯ ಡೈವ್ ಆದ ಮೇಲೆ ವಿಮಾನ ಹತ್ತಲು ಎಷ್ಟು ಹೊತ್ತು ಕಾಯಬೇಕು, ಮಾಸ್ಕ್ ಬಾಡಿಗೆಯದೋ ಸ್ವಂತದ್ದೋ, ಕನ್ನಡಕ ಹಾಕುವವರು ನೀರಿನೊಳಗೆ ಅದಿಲ್ಲದೆ ಮೀನಿನ ಮುಖ ಯಾವುದು, ಬಾಲ ಯಾವುದು ಎಂದು ಹೇಗೆ ತಿಳಿಯಬೇಕು, ಎಲ್ಲಕ್ಕೂ ಒಂದೊಂದು ಬಣ್ಣ. ನೀರಿನೊಳಗೆ ಬಾಯಿಂದಲೇ ಉಸಿರಾಡಬೇಕಂತೆ, ನಿಧಾನವಾಗಿ, ಎಲ್ಲೂ ತಡೆಹಿಡಿಯದೆ. ವಿಲೆ ಪಾರ್ಲೆಯ ಆಫೀಸಿಗೆ ಹೋಗುವಾಗ, ವಡಾಳಾದಲ್ಲಿ ಲೋಕಲ್ ರೈಲು ಬದಲಿಸಿದ ಮೇಲೆ, ನಿಂತಲ್ಲೇ ಅಭ್ಯಾಸ ಶುರುಮಾಡಿದೆ. ಮೂರನೆಯ ದಿನ ಎದುರಿನ ಹೆಂಗಸೊಬ್ಬಳು, “ತಬಿಯತ್ ಠೀಕ್ ನಹೀ ಕ್ಯಾ? ಬೈಠ್ ಜಾವೋ” ಎಂದು, ನನಗೆ ಹುಷಾರಿಲ್ಲವೆಂದುಕೊಂಡು, ತನ್ನ ಸೀಟನ್ನೇ ಬಿಟ್ಟುಕೊಟ್ಟಳು. ಕೂತೆ. ಸತ್ಯ ಹೇಳಲು ಬಾಯಿ ಖಾಲಿ ಇರಲಿಲ್ಲ.

ಎಡವಿದ್ದು ಅರ್ಜಿಯಲ್ಲಿ. ಡೈವಿಂಗ್ ಶಾಲೆಯವರು ಕಳಿಸಿದ ಆರೋಗ್ಯದ ಪ್ರಶ್ನೆಗಳಲ್ಲಿ ಸೈನಸ್ ತೊಂದರೆ ಉಂಟೇ ಎಂದೊಂದಿತ್ತು. ಹೋದ ಮಳೆಗಾಲದಲ್ಲಿ ಎರಡು ವಾರ ಮೂಗು ಕಟ್ಟಿತ್ತು. ಪ್ರಾಮಾಣಿಕವಾಗಿ ‘ಹೌದು’ ಎಂದೆ. ಯಾವ ಹೊಳ್ಳೆ ಎಂಬುದನ್ನೂ ಸೇರಿಸಿದೆ. ಕೂಡಲೇ ಉತ್ತರ ಬಂತು: ವೈದ್ಯರ ಸಹಿಯಿಲ್ಲದೆ ನೀರಿಗಿಳಿಸುವುದಿಲ್ಲ.

ವೈದ್ಯರೆಂದರೆ ನಮಗೆ ಕಾಲೊನಿಯ ಶೆಣೈ ಡಾಕ್ಟರು. ನನ್ನ ಮೂಗನ್ನು ಅದು ಇಷ್ಟೇ ಇಷ್ಟಿದ್ದಾಗಿನಿಂದ ಬಲ್ಲವರು. ಅವರ ದವಾಖಾನೆಯಲ್ಲಿ ಡಾಕ್ಟರಿಗೂ ಕಾಯುವವರಿಗೂ ನಡುವೆ ಇರುವುದು ಎದೆಮಟ್ಟದ ಪ್ಲೈವುಡ್ ಅಡ್ಡಗೋಡೆ. ಈಚೆ ಕೂತವರು ಮುಖದೆದುರು ಪೇಪರ್ ಹಿಡಿದು ಆಚೆಯ ಮಾತು ಕೇಳಿಸಿಕೊಳ್ಳುವುದು ಅಲ್ಲಿನ ವಾಡಿಕೆ. ಡಾಕ್ಟರಿಗೆ ಕಿವಿ ಮಂದವಾದ್ದರಿಂದ ಯಾರೂ ಹೆಚ್ಚು ಕಷ್ಟಪಡಬೇಕಾಗಿಲ್ಲ.

“ಎಂತಕ್ಕೆ ಸರ್ಟಿಫಿಕೇಟು?”

“ಸಮುದ್ರದಲ್ಲಿ ಮುಳುಗ್ಲಿಕ್ಕೆ” ಎಂದೆ, ಆದಷ್ಟು ಮೆಲ್ಲಗೆ.

“ಜೋರಾಗಿ ಹೇಳಮ್ಮ.”

ಜೋರಾಗಿ ಹೇಳಿದೆ. ಕಾಯುವವರ ಕಡೆ ಪೇಪರುಗಳು ಮಡಚಿಕೊಂಡ ಸದ್ದಾಯಿತು.

“ಮೂಗು ಹಿಡ್ಕೊಂಡು ಊದು” ಎಂದು ಕಿವಿಯೊಳಗೆ ಬೆಳಕು ಬಿಟ್ಟರು. ಊದಿದೆ. ಎರಡೂ ಕಿವಿ ಟಪ್ಪೆಂದವು. “ಎಂತ ತೊಂದ್ರೆ ಇಲ್ಲ. ಶೀತ ಆದಾಗ ಮಾತ್ರ ಇಳೀಬೇಡ” ಎಂದು ಸಹಿ ಹಾಕಿದರು.

ಹೊರಗೆ ಬರುವಷ್ಟರಲ್ಲಿ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ವಸಂತಕ್ಕ ಫೋನನ್ನು ಪರ್ಸಿಗೆ ಹಾಕುತ್ತಿದ್ದರು. “ಎಂತ ಮಗಾ, ಅಷ್ಟು ದೂರ ಹೋಗಿ, ಮೀನು ನೋಡಿ, ಬರೀ ಕೈಯಲ್ಲಿ ವಾಪಸ್ ಬರುವುದಾ?”

“ಹೌದು ವಸಂತಕ್ಕ. ಮುಟ್ಟಬಾರದಂತೆ.”

“ಅದಕ್ಕೆ ಕೋರ್ಸ್ ಬೇರೆ” ಎಂದು ಅವರು ಪಕ್ಕದವರ ಕಡೆ ತಿರುಗಿದರು.

ಮನೆಗೆ ಓಡಿದೆ. ಅಮ್ಮ ನೀರುದೋಸೆ ಹೊಯ್ಯುತ್ತಿದ್ದಳು. ತಿರುಗಿ ನೋಡದೆ, “ನಂಗೆ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ? ಊರಿಗೆಲ್ಲ ಗೊತ್ತುಂಟು” ಎಂದಳು.

“ನೀನು ಬೇಡ ಹೇಳ್ತೀ ಅಂತ.”

“ನಾನ್ಯಾಕೆ ಬೇಡ ಹೇಳ್ಲಿ? ಡಾಕ್ಟ್ರೇ ಆಗ್ಬಹುದು ಹೇಳಿದ್ರಂತೆ. ನಿನ್ನ ಅಪ್ಪನಿಗೂ ಫೋನ್ ಮಾಡಿದೆ. ತನ್ನ ಹೋಟ್ಲಲ್ಲಿ ಕೂತು ಗಿರಾಕಿಗಳಿಗೆಲ್ಲ ಹೇಳ್ತಾ ಉಂಟು ಆ ಜನ. ಹೋಗಿ ಬಾ ಮಾರಾಯ್ತಿ.”

ಗೆದ್ದೆ. ಪ್ರಮಾಣಪತ್ರ ಹಿಡಿದು ಅಡಿಗೆಮನೆಯಲ್ಲಿ ಒಂದು ಸುತ್ತು ಕುಣಿದೆ. ನಾನು ಕುಣಿದದ್ದನ್ನು ಅಮ್ಮ ನೋಡಿದ್ದು ಬಹುಶಃ ಬಾಲವಾಡಿಯ ಕಾಲದಲ್ಲಿ. ಮೂರನೆಯ ದೋಸೆಯ ಹೊತ್ತಿಗೆ ಮಾತ್ರ ಒಂದು ವಿಷಯ ಹೊಳೆಯಿತು. ಅಷ್ಟು ಬಣ್ಣದ ಪಟ್ಟಿಗಳನ್ನು ಅಷ್ಟು ಧೈರ್ಯದಿಂದ ಮಾಡಿದ್ದು, ಕೊನೆಗೆ ಅಮ್ಮ ಬೇಡ ಅಂದೇ ಅನ್ನುತ್ತಾಳೆ ಎಂಬ ಭರವಸೆಯ ಮೇಲೆ. ಬೇಡ ಅಂದಿದ್ದರೆ ಜೀವನವಿಡೀ ಅವಳನ್ನು ದೂರುತ್ತಾ, ದಡದಲ್ಲಿ ಒಣಗಿಕೊಂಡೇ ಸಾಹಸಿಯಾಗಿರಬಹುದಿತ್ತು.

“ಅಮ್ಮಾ, ಅಲ್ಲಿ ತುಂಬ ಆಳ ಇರ್ತದಂತೆ” ಎಂದೆ, ಕೊನೆಯ ಪ್ರಯತ್ನವಾಗಿ.

“ಸಮುದ್ರ ಅಲ್ವಾ, ಇರ್ತದೆ” ಎಂದು ಅಮ್ಮ ನಾಲ್ಕನೆಯದನ್ನು ಬಡಿಸಿದಳು.