ಕೆಂಪು ಕಣ್ಣಿನ ಮೇಷ್ಟ್ರು

ಮರ್ಯಾದೆ ಪ್ರಾಣಕ್ಕಿಂತ ದೊಡ್ಡದೋ ಚಿಕ್ಕದೋ ನನಗೆ ಗೊತ್ತಿಲ್ಲ. ಕಣ್ಣಿಗಿಂತ ದೊಡ್ಡದು ಎಂದು ಮಾತ್ರ ಮೂರು ತಿಂಗಳು ನಂಬಿಕೊಂಡಿದ್ದೆ.

ಮಾಗಡಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು. ದೀಪಾವಳಿ ಕಳೆದ ಮೇಲೆ ಬಲಹುಬ್ಬಿನ ಮೇಲೆ ತಲೆನೋವು ಶುರುವಾಯಿತು. ನೋವು ಬಂದಾಗಲೆಲ್ಲ ಬಲಗಣ್ಣು ಕೆಂಪಾಗುತ್ತಿತ್ತು. ಮೊದಲು ಸೀಮೆಸುಣ್ಣದ ಪುಡಿಯನ್ನು ಬೈದೆ, ಆಮೇಲೆ ಮಕ್ಕಳ ಉತ್ತರಪತ್ರಿಕೆಗಳನ್ನು. ಅವಕ್ಕೆ ತಲೆನೋವು ತರುವ ಅರ್ಹತೆ ಧಾರಾಳವಾಗಿಯೇ ಇತ್ತು. ಮೆಡಿಕಲ್ ಸ್ಟೋರಿನಲ್ಲಿ ನಾನೇ ಡಾಕ್ಟರಾಗಿ ಹೆಸರು ಹೇಳಿ ಮಾತ್ರೆ ಕೊಂಡೆ. ಹಣೆಗೆ ಬಳಿದುಕೊಂಡ ಬಾಮಿನ ಘಾಟಿಗೆ ಮುಂದಿನ ಬೆಂಚಿನವರ ಕಣ್ಣಲ್ಲೂ ನೀರು ಬರುತ್ತಿತ್ತು.

ಒಂದು ದಿನ ಪಿ.ಟಿ. ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. "ಸಾರ್, ತಗೊಳ್ಳೋದಾದ್ರೆ ತಗೊಳಿ, ಸ್ಕೂಲ್ ಟೈಮಲ್ಲಿ ಮಾತ್ರ ಬ್ಯಾಡ."

ಹನಿ ಮುಟ್ಟದವನು ನಾನು! ಅಲ್ಲಿಂದಾಚೆ ತಲೆನೋವು ಮರೆತು, ಕುಡಿದಿಲ್ಲ ಎಂದು ತೋರಿಸುವುದೇ ಕೆಲಸವಾಯಿತು. ಅಳತೆ ಹಿಡಿದಂತೆ ನೆಟ್ಟಗೆ ನಡೆದೆ. ಬಾಯಿ ವಾಸನೆ ತಿಳಿಯಲಿ ಎಂದು ಎಲ್ಲರ ಮುಖದ ಹತ್ತಿರ ಬಗ್ಗಿ ಮಾತಾಡಿದೆ. ಅವರು ಹಿಂದೆ ಸರಿದರು. ಕಪ್ಪು ಕನ್ನಡಕ ಹಾಕಿದೆ, ಅನುಮಾನ ಗಟ್ಟಿಯಾಯಿತು. ಈ ಕಣ್ಣು ಹೊತ್ತು ಆಸ್ಪತ್ರೆಗೆ ಹೋದರೆ ಊರಿಗೆಲ್ಲ ಸುದ್ದಿಯಾದೀತು ಎಂದು, ಹೆಂಡತಿ ಎಷ್ಟು ಕರೆದರೂ ಅತ್ತ ಸುಳಿಯಲೇ ಇಲ್ಲ.

ಕೆಂಪಾಪುರದಲ್ಲಿ ಕುರಿ ಸಾಕಿರುವ ನನ್ನ ಬಾಮೈದ ಸಿದ್ದನ ಮಗಳಿಗೆ ನಿಶ್ಚಿತಾರ್ಥ. ಸಂಜೆ ಚಪ್ಪರದಲ್ಲಿ ಕೂತಿದ್ದೆ. ದೀಪ ಹತ್ತಿದಾಗ ಒಂದೊಂದರ ಸುತ್ತಲೂ ಕಾಮನಬಿಲ್ಲಿನ ಬಳೆ ಕಂಡಿತು. ಒಳ್ಳೆಯ ಡೆಕೊರೇಷನ್ ಅಂದುಕೊಂಡೆ. ಮರುಕ್ಷಣ ತಲೆ ಸೀಳಿದಂತಾಯಿತು, ಕಣ್ಣು ಮಂಜಾಯಿತು, ಗಂಡಿನ ಕಡೆಯವರ ಎದುರಿಗೇ ವಾಂತಿ ಮಾಡಿಕೊಂಡೆ.

ಸಿದ್ದ ಹಲ್ಲು ಕಚ್ಚಿ, "ಭಾವ, ಇವತ್ತೊಂದಿನ ಬುಟ್ಟಿದ್ರೆ ಏನಾಗ್ತಿತ್ತು?" ಎಂದ.

ನನ್ನ ಹೆಂಡತಿ ಜಯ ಬಂದವಳೇ ಎಲ್ಲರೆದುರು ಬಗ್ಗಿ ನನ್ನ ಬಾಯಿ ಮೂಸಿದಳು. "ಲೋ ಸಿದ್ದ, ಬರೀ ಬಾಮಿನ ವಾಸ್ನೆ ಕಣೋ! ಕಣ್ಣು ನೋಡು, ಕೆಂಡದಂಗೈತೆ. ಗಾಡಿ ತೆಗಿ!"

ರಾಮನಗರದ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರಮ್ಮ ಕಣ್ಣುಗುಡ್ಡೆಯ ಒತ್ತಡ ಅಳೆದು, ಮತ್ತೊಮ್ಮೆ ಅಳೆದರು. ಕಣ್ಣೊಳಗಿನ ನೀರು ಹರಿಯುವ ದಾರಿ ಕಟ್ಟಿಕೊಂಡು, ಮೂರು ತಿಂಗಳಿಂದ ನೋವು ಬಂದಾಗಲೆಲ್ಲ ಒತ್ತಡ ಏರಿ, ನರವನ್ನೇ ಹಿಸುಕಿತ್ತಂತೆ. "ತಲೆನೋವಿನ ಜೊತೆ ಕಣ್ಣು ಕೆಂಪಾದ್ರೆ, ಮಂಜಾದ್ರೆ, ದೀಪದ ಸುತ್ತ ಬಣ್ಣ ಕಂಡ್ರೆ, ವಾಂತಿ ಬಂದ್ರೆ, ಅವತ್ತೇ ಓಡಿ ಬರ್ಬೇಕು ಮೇಷ್ಟ್ರೇ. ಒಂದೊಂದು ಗಂಟೆನೂ ಮುಖ್ಯ."

"ಮೊದಲೇ ಬಂದಿದ್ರೆ?"

"ಉಳೀತಿತ್ತು."

ಎಡಗಣ್ಣಿಗೆ ಹಾಗಾಗದಂತೆ ಲೇಸರ್ ಮಾಡಿದರು. ಬಲಗಣ್ಣಿಗೆ ಈಗ ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ ತಿಳಿಯುತ್ತದೆ. ರಸ್ತೆಯಲ್ಲಿ ಜಯ ನನ್ನ ಬಲಕ್ಕೇ ನಡೆಯುತ್ತಾಳೆ. ಅವಳನ್ನು ನೋಡಬೇಕಾದರೆ ಕತ್ತು ಪೂರ್ತಿ ತಿರುಗಿಸಬೇಕು. ಮೊನ್ನೆ ತಿರುಗಿಸಿ ಕೇಳಿದೆ: "ನೀನೂ ನಾನು ಕುಡೀತೀನಿ ಅಂದ್ಕೊಂಡಿದ್ಯಾ?"

"ಒಸಿ ಅನುಮಾನ ಇತ್ತು," ಅಂದಳು. ನಾಲ್ಕು ಹೆಜ್ಜೆ ನಡೆದ ಮೇಲೆ ಸೇರಿಸಿದಳು, "ಕುಡುಕ್ರೇ ವಾಸಿ ಕಣ್ರೀ. ಎತ್ಕೊಂಡೋಗಿ ಆಸ್ಪತ್ರೆಗೆ ಹಾಕಿದ್ರೆ ಬ್ಯಾಡ ಅನ್ನಲ್ಲ."